ಹಳದಿ ಕೆಂಪಿನ ಕನ್ನಡ ಬಾವುಟ

ನಮ್ಮ ರಾಜ್ಯಕ್ಕೆ ಲಾಂಛನವಿದೆ, ನಾಡಗೀತೆಯಿದೆ, ರಾಜ್ಯದ ಹಕ್ಕಿ, ಮರ, ಪ್ರಾಣಿ ಎಲ್ಲವೂ ಇವೆ. ಇವಕ್ಕೆಲ್ಲ ಸರ್ಕಾರದ ಮುದ್ರೆ ಬಿದ್ದಿದೆ. ನವೆಂಬರ್ ಬಂತೆಂದರೆ ಬೀದರಿನಿಂದ ಚಾಮರಾಜನಗರದವರೆಗೆ ಆಟೊಗಳ ಮೇಲೆ, ಬಸ್ ನಿಲ್ದಾಣಗಳಲ್ಲಿ, ಓಣಿಯ ಸಂಘದ ಕಂಬದಲ್ಲಿ ಹಾರುವ ಹಳದಿ ಕೆಂಪು ಬಾವುಟಕ್ಕೆ ಮಾತ್ರ ಇಂದಿಗೂ ಕಾನೂನಿನ ಮಾನ್ಯತೆ ಸಿಕ್ಕಿಲ್ಲ. ಜನರೇ ಒಪ್ಪಿ, ಜನರೇ ಏರಿಸಿ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾಪಾಡಿಕೊಂಡು ಬಂದ ಬಾವುಟವಿದು.

ಇದನ್ನು ರೂಪಿಸಿದವರು ಮ. ರಾಮಮೂರ್ತಿ. 1918ರಲ್ಲಿ ಹುಟ್ಟಿದ ಅವರು ಪತ್ರಕರ್ತರು, ಪತ್ತೇದಾರಿ ಕಾದಂಬರಿಕಾರರು. ‘ವೀರಕೇಸರಿ’ ಸೀತಾರಾಮ ಶಾಸ್ತ್ರಿಗಳ ಮಗ. 1956ರಲ್ಲಿ ರಾಜ್ಯವೇನೋ ಒಂದಾಗಿತ್ತು, ಆದರೆ ರಾಜಧಾನಿ ಬೆಂಗಳೂರಿನಲ್ಲೇ ಕನ್ನಡಕ್ಕೆ ಎರಡನೇ ಮಣೆ ಎಂಬ ಕೊರಗು ಕನ್ನಡಿಗರಲ್ಲಿತ್ತು. ರಾಮೋತ್ಸವದ ಸಂಗೀತ ಕಛೇರಿಗಳಲ್ಲಿ ಕನ್ನಡದ ಕಲಾವಿದರಿಗೆ ಅವಕಾಶ ಸಿಗುತ್ತಿಲ್ಲವೆಂದು ಅ.ನ.ಕೃ. ಬೀದಿಗಿಳಿದದ್ದು ಆ ದಿನಗಳಲ್ಲೇ. ಆ ಚಳವಳಿಯಲ್ಲಿ ಮುಂದೆ ನಿಂತವರಲ್ಲಿ ರಾಮಮೂರ್ತಿಯವರೂ ಒಬ್ಬರು. ಮೆರವಣಿಗೆಯಲ್ಲಿ ಕೈಗೆತ್ತಿಕೊಳ್ಳಲು ಕನ್ನಡಿಗರಿಗೆ ತಮ್ಮದೇ ಬಾವುಟ ಬೇಕೆಂದು ಅವರಿಗೆ ಅನ್ನಿಸಿತು. ತಾವು ಕಟ್ಟಿದ ಕನ್ನಡ ಪಕ್ಷಕ್ಕಾಗಿ ಈ ಬಾವುಟವನ್ನು ಸಿದ್ಧಪಡಿಸಿದರು. ಪಕ್ಷ ಬಹುಕಾಲ ಉಳಿಯಲಿಲ್ಲ, ಬಾವುಟ ಇಡೀ ನಾಡಿನದಾಯಿತು.

ಅದು ಬೆಳೆದದ್ದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 1967ರ ಡಿಸೆಂಬರಿನಲ್ಲಿ, ತಮ್ಮ ಜಮೀನಿನಲ್ಲಿ ತೋಡುತ್ತಿದ್ದ ಬಾವಿಯ ಮಣ್ಣು ಕುಸಿದು, ಇಬ್ಬರು ಗಂಡುಮಕ್ಕಳ ಜೊತೆಗೆ ಅವರೂ ತೀರಿಕೊಂಡರು. ಆಗ ಅವರಿಗೆ ಐವತ್ತೂ ತುಂಬಿರಲಿಲ್ಲ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರಲು ಇನ್ನೂ ಆರು ವರ್ಷ ಬಾಕಿಯಿತ್ತು.

ಬಾವುಟದ ವಿನ್ಯಾಸದಲ್ಲಿ ಬಿಡಿಸಿ ಹೇಳುವಂಥದ್ದು ಹೆಚ್ಚೇನಿಲ್ಲ. ಸಮ ಅಗಲದ ಎರಡು ಪಟ್ಟಿ, ಮೇಲೆ ಹಳದಿ, ಕೆಳಗೆ ಕೆಂಪು. ಅಂದರೆ ಅರಿಶಿನ, ಕುಂಕುಮ. ಹಳದಿ ಶಾಂತಿಗೆ, ಕೆಂಪು ಶೌರ್ಯಕ್ಕೆ ಎಂದು ಭಾಷಣಗಳಲ್ಲಿ ಹೇಳುವುದುಂಟು. ನನಗೆ ಮೊದಲ ಅರ್ಥವೇ ಹತ್ತಿರದ್ದು. ಹೊಸ್ತಿಲಿಗೆ ಬಳಿಯುವ, ಬಾಗಿನದ ಮೊರದಲ್ಲಿಡುವ, ಮನೆಗೆ ಬಂದ ಮುತ್ತೈದೆಗೆ ಕೊಡುವ ಬಣ್ಣಗಳಿವು. ಓದು ಬಾರದ ಅಜ್ಜಿಗೂ ಇವು ಮಂಗಳದ ಬಣ್ಣವೆಂದು ಯಾರೂ ಹೇಳಿಕೊಡಬೇಕಿಲ್ಲ.

ಬಾವುಟವನ್ನು ಅಧಿಕೃತಗೊಳಿಸುವ ಪ್ರಯತ್ನಗಳು ನಡೆಯದೇ ಇಲ್ಲ. ರಾಜ್ಯೋತ್ಸವದಂದು ಸರ್ಕಾರಿ ಕಟ್ಟಡಗಳ ಮೇಲೆ ಇದನ್ನು ಹಾರಿಸುವುದು ಕಡ್ಡಾಯವೆನ್ನಲು 2012ರಲ್ಲಿ ಆಗಿನ ಸರ್ಕಾರ ಹೊರಟಿತು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು, ಸರ್ಕಾರ ಹಿಂದೆ ಸರಿಯಿತು. 2017ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಒಂಬತ್ತು ಜನರ ಸಮಿತಿ ರಚಿಸಿತು. 2018ರ ಮಾರ್ಚ್ 8ರಂದು ಹೊಸ ನಾಡಧ್ವಜ ಅನಾವರಣಗೊಂಡಿತು. ಹಳದಿ ಕೆಂಪಿನ ನಡುವೆ ಬಿಳಿ ಪಟ್ಟಿ, ಅದರ ಮಧ್ಯೆ ಗಂಡಭೇರುಂಡದ ರಾಜ್ಯ ಲಾಂಛನ. ಒಪ್ಪಿಗೆ ಕೋರಿ ಕೇಂದ್ರಕ್ಕೆ ಕಳಿಸಿದ ಆ ಪ್ರಸ್ತಾವ ಫಲ ಕೊಡಲಿಲ್ಲ. ರಾಜ್ಯವೊಂದಕ್ಕೆ ತನ್ನದೇ ಅಧಿಕೃತ ಬಾವುಟ ಇದ್ದದ್ದು ಜಮ್ಮು ಮತ್ತು ಕಾಶ್ಮೀರದಲ್ಲಿ ಮಾತ್ರ. 1952ರಲ್ಲಿ ಒಪ್ಪಿಕೊಂಡಿದ್ದ, ನೇಗಿಲಿನ ಚಿತ್ರವಿದ್ದ ಆ ಕೆಂಪು ಬಾವುಟ 2019ರಲ್ಲಿ 370ನೇ ವಿಧಿಯ ವಿಶೇಷ ಸ್ಥಾನಮಾನದೊಂದಿಗೆ ಹೋಯಿತು.

ಗಂಡಭೇರುಂಡ ನಮಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡ ಕಂಬವಿದೆ. ಅಲ್ಲಿನ ಮೂರ್ತಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಮುಂದೆ ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ, ಕೆಳದಿಯ ದೇವಾಲಯದ ಛಾವಣಿಯಲ್ಲಿ, ಮೈಸೂರು ಒಡೆಯರ ಲಾಂಛನದಲ್ಲಿ ಇದೇ ಹಕ್ಕಿ ಕಾಣಿಸಿಕೊಳ್ಳುತ್ತದೆ. ಇಷ್ಟು ದೊಡ್ಡ ಪರಂಪರೆಯಿದ್ದರೂ ಬಾವುಟದಲ್ಲಿ ಅದು ಬೇಡ ಎಂಬುದೇ ನನ್ನ ಅಭಿಪ್ರಾಯ. ವಿಧಾನಸೌಧದ ಪ್ರತಿ ಕಾಗದದ ಮೇಲೂ ಅದಕ್ಕೆ ಜಾಗವಿದೆ. ಎರಡು ತುಂಡು ಬಟ್ಟೆ ಕೊಟ್ಟರೆ ಯಾವ ಹಳ್ಳಿಯ ದರ್ಜಿಯೂ ಐದು ನಿಮಿಷದಲ್ಲಿ ರಾಮಮೂರ್ತಿಯವರ ಬಾವುಟ ಹೊಲಿದುಕೊಡುತ್ತಾನೆ. ಲಾಂಛನ ಬೇಕೆಂದರೆ ಅಚ್ಚಿನ ಮನೆಗೇ ಹೋಗಬೇಕು. ಈ ಬಾವುಟ ಅಷ್ಟು ಬೇಗ ಮನೆಮನೆ ತಲುಪಲು ಅದರ ಸರಳತೆಯೇ ಕಾರಣ. 2018ರಲ್ಲಿ ಹಲವು ಕನ್ನಡ ಹೋರಾಟಗಾರರು ಹಳೆಯದೇ ಇರಲಿ ಎಂದು ಪಟ್ಟು ಹಿಡಿದದ್ದೂ ಅದಕ್ಕೇ ಇರಬೇಕು.

ಹಾರಿಸುವವರಿಗೆ ಒಂದೆರಡು ಮಾತು. ಹಳದಿ ಯಾವಾಗಲೂ ಮೇಲಿರಲಿ. ಅವಸರದಲ್ಲಿ ತಲೆಕೆಳಗಾಗಿ ಕಟ್ಟಿದ ಬಾವುಟಗಳು ಪ್ರತಿ ವರ್ಷ ಕಣ್ಣಿಗೆ ಬೀಳುತ್ತವೆ. ತ್ರಿವರ್ಣ ಧ್ವಜ ಹಾರುವ ಕಂಬಕ್ಕೆ ಇದನ್ನು ಕಟ್ಟಬಾರದು, ಅದಕ್ಕಿಂತ ಎತ್ತರದಲ್ಲೂ ಹಾರಿಸಬಾರದು. ಹಬ್ಬ ಮುಗಿದ ಮೇಲೆ ಬಿಸಿಲು ಮಳೆಗೆ ಬಿಟ್ಟು ಚಿಂದಿಯಾಗಲು ಬಿಡದೆ ಇಳಿಸಿ, ಮಡಿಸಿಡಿ. ಶಾಲೆಯಲ್ಲಿ ರಾಜ್ಯೋತ್ಸವ ಮಾಡುವ ಮೇಷ್ಟ್ರುಗಳು ಆಲೂರು ವೆಂಕಟರಾಯರ ಹೆಸರಿನ ಜೊತೆಗೆ ಮ. ರಾಮಮೂರ್ತಿಯವರ ಹೆಸರನ್ನೂ ಮಕ್ಕಳಿಗೆ ಹೇಳಿಕೊಡಲಿ.