ಕೊಳಾಯಿ ಕೆಲಸ

ಕೊಳಾಯಿ ಕೆಲಸ ಅಥವಾ ಪ್ಲಂಬಿಂಗ್ ಎಂದರೆ ಕಟ್ಟಡಕ್ಕೆ ನೀರನ್ನು ತರುವ ಮತ್ತು ಬಳಸಿದ ನೀರನ್ನು ಹೊರಸಾಗಿಸುವ ಕೊಳವೆಗಳನ್ನು ಅಳವಡಿಸಿ ದುರಸ್ತಿ ಮಾಡುವ ವೃತ್ತಿ. ಇದನ್ನು ಮಾಡುವವರನ್ನು ಪ್ಲಂಬರ್ ಎನ್ನುತ್ತಾರೆ. ಸೀಸದ ಲ್ಯಾಟಿನ್ ಹೆಸರಾದ 'ಪ್ಲಂಬಮ್' ಈ ಪದದ ಮೂಲ. ರೋಮನ್ನರು ಸೀಸದ ಕೊಳವೆಗಳನ್ನು ಬಳಸುತ್ತಿದ್ದರು.

ಸಾಮಾನ್ಯ ತೊಂದರೆಗಳು

ನಲ್ಲಿ ಸೋರುವುದಕ್ಕೆ ಹೆಚ್ಚಾಗಿ ಸವೆದ ವಾಷರ್ ಕಾರಣ. ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೆ ದಿನಕ್ಕೆ 86,400 ಹನಿ, ಅಂದರೆ 4 ಲೀಟರಿಗೂ ಹೆಚ್ಚು ನೀರು ಪೋಲಾಗುತ್ತದೆ. ಸಿಂಕಿಗೆ ಸುರಿದ ಎಣ್ಣೆ, ತುಪ್ಪದ ಜಿಡ್ಡು ತಣಿದು ಗಟ್ಟಿಯಾಗಿ ಕೊಳವೆಯನ್ನು ಕಟ್ಟುತ್ತದೆ. ಸಿಂಕಿನ ಕೆಳಗಿನ ಬಾಗಿದ ಭಾಗವಾದ ಟ್ರ್ಯಾಪ್‌ನಲ್ಲಿ ನಿಂತ ನೀರು ಚರಂಡಿಯ ಅನಿಲವನ್ನು ತಡೆಯುತ್ತದೆ. ಬಹುದಿನ ಬಳಸದೆ ಅದು ಆರಿದರೆ ದುರ್ವಾಸನೆ ಬರುತ್ತದೆ. ಆಗ ಒಂದು ಚೊಂಬು ನೀರು ಸುರಿದರೆ ಸಾಕು.

ನೆಲದೊಳಗಿನ ಸೋರಿಕೆ ಹೆಚ್ಚು ಅಪಾಯಕಾರಿ. ಸರಬರಾಜು ನಿಂತು ಕೊಳವೆಯ ಒತ್ತಡ ಇಳಿದಾಗ ಸುತ್ತಲಿನ ಕೊಳಚೆ ಬಿರುಕಿನ ಮೂಲಕ ಒಳನುಗ್ಗಿ ಕುಡಿಯುವ ನೀರನ್ನು ಸೇರಬಹುದು. ಇದರಿಂದ ವಾಂತಿಭೇದಿ, ಕಾಮಾಲೆಯಂತಹ ರೋಗಗಳು ಹರಡುತ್ತವೆ.

ಪ್ಲಂಬರ್‌ನ ಆಯ್ಕೆ

ಭಾರತದಲ್ಲಿ ಐಟಿಐಗಳು ಪ್ಲಂಬರ್ ತರಬೇತಿಯನ್ನು ನೀಡುತ್ತವೆ. ಕೆಲಸ ಒಪ್ಪಿಸುವ ಮೊದಲು ಕೂಲಿ ಮತ್ತು ಸಾಮಗ್ರಿಗಳ ವೆಚ್ಚವನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳುವುದು ಒಳ್ಳೆಯದು. ಗೋಡೆಯೊಳಗಿನ ಕೊಳವೆಗೆ ಗಾರೆ ಮುಚ್ಚುವ ಮೊದಲೇ ನೀರು ತುಂಬಿಸಿ, ಒತ್ತಡ ಹಾಕಿ ಪರೀಕ್ಷಿಸಬೇಕು. ಕೊಳವೆ ಒಡೆದರೆ ಪ್ಲಂಬರ್ ಬರುವವರೆಗೆ ಹಾನಿಯನ್ನು ತಡೆಯುವುದು ಮುಖ್ಯ ವಾಲ್ವ್. ಅದು ಎಲ್ಲಿದೆಯೆಂಬುದು ಮನೆಯವರೆಲ್ಲರಿಗೂ ತಿಳಿದಿರಬೇಕು.