ಪೆಟ್ಟಿಗೆಯೊಳಗಿನ ಪೆಟ್ಟು

ಅಮೆರಿಕೆಯಲ್ಲಿ ನೆಲೆಸಿದ ಅನೇಕ ಕನ್ನಡಿಗರ ಮನೆಗಳಲ್ಲಿ ದೇವರ ಗೂಡಿನಷ್ಟೇ ಭಕ್ತಿಯಿಂದ ಕಾಪಾಡಲ್ಪಡುವ ಇನ್ನೊಂದು ಮೂಲೆ ಇರುವುದುಂಟು. ಅಲ್ಲಿ ಆಂಪ್ಲಿಫೈಯರು, ಆಳೆತ್ತರದ ಸ್ಪೀಕರುಗಳು, ಗಾನಮುದ್ರಿಕೆಗಳನ್ನು ತಿರುಗಿಸುವ ಟರ್ನ್‌ಟೇಬಲ್ಲು, ಕೆಲವರಲ್ಲಿ ಸ್ಪೂಲ್ ಟೇಪಿನ ಯಂತ್ರವೂ ವಿರಾಜಮಾನವಾಗಿರುತ್ತವೆ. ಮಲ್ಲಿಕಾರ್ಜುನ ಮನ್ಸೂರರ ಆಲಾಪವನ್ನು ಎದುರಿಗೇ ಕುಳಿತು ಕೇಳಿದಂತೆ ಆಗಬೇಕೆಂಬ ಹಂಬಲಕ್ಕಾಗಿ ವ್ಯಯವಾದ ಹಣದ ಮೊತ್ತವನ್ನು ಮನೆಯವರಿಗೆ ಪೂರ್ತಿಯಾಗಿ ತಿಳಿಸಲಾಗಿರುತ್ತದೆಂದು ನಾನಂತೂ ಹೇಳಲಾರೆ. ಇಷ್ಟು ಬೆಲೆಬಾಳುವ ಸಾಮಗ್ರಿ ಸಾವಿರಾರು ಮೈಲಿಗಳನ್ನು ಲಾರಿಯಲ್ಲಿ ಕ್ರಮಿಸಿ, ಮನೆಯ ಬಾಗಿಲಿಗೆ ಜಜ್ಜಿಕೊಂಡು ಬಂದರೆ ಏನು ಮಾಡತಕ್ಕದ್ದು?

ಹೊರಗಿನ ರಟ್ಟು ಅಚ್ಚುಕಟ್ಟಾಗಿದ್ದ ಮಾತ್ರಕ್ಕೆ ಒಳಗಿನದೂ ಕ್ಷೇಮವೆಂದು ತಿಳಿಯಲಾಗದು. ಆಂಪ್ಲಿಫೈಯರಿನ ತೂಕದಲ್ಲಿ ದೊಡ್ಡ ಪಾಲು ಅದರ ಟ್ರಾನ್ಸ್‌ಫಾರ್ಮರಿನದು. ಬಳೆಯಾಕಾರದ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರು ಸಾಮಾನ್ಯವಾಗಿ ನಡುವಿನ ಒಂದೇ ಬೋಲ್ಟನ್ನು ನೆಚ್ಚಿಕೊಂಡು ನಿಂತಿರುತ್ತದೆ. ಮೂರಡಿ ಎತ್ತರದಿಂದ ಬಿದ್ದ ಪೆಟ್ಟಿಗೆ ನೆಲದಲ್ಲಿ ನಿಂತರೂ ಟ್ರಾನ್ಸ್‌ಫಾರ್ಮರು ನಿಲ್ಲಲೊಲ್ಲದು. ತಳದ ತಗಡನ್ನು ಬಗ್ಗಿಸಿ, ಪಕ್ಕದ ಸರ್ಕ್ಯೂಟ್ ಬೋರ್ಡನ್ನು ಸೀಳಿಬಿಡಬಹುದು. ಸ್ಪೀಕರಿನ ಕಥೆ ಇನ್ನೂ ಸೂಕ್ಷ್ಮ. ಅದರ ಫೆರೈಟ್ ಅಯಸ್ಕಾಂತವನ್ನು ಅಂಟಿನಿಂದ ಕೂರಿಸಿರುತ್ತಾರೆ. ಅದರ ಸಂದಿನಲ್ಲಿ ಆಡುವ ತಂತಿಯ ಸುರುಳಿಗೆ ಇಕ್ಕೆಲದಲ್ಲಿ ಇರುವ ಅವಕಾಶ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಪೆಟ್ಟಿಗೆ ಅಯಸ್ಕಾಂತ ತುಸು ಸರಿಯಿತೆಂದರೆ ಸುರುಳಿ ಉಜ್ಜತೊಡಗುತ್ತದೆ. ಆಮೇಲೆ ಕೇಳಿಸುವುದು ಷಡ್ಜವಲ್ಲ, ಮರಳು ಅರೆಯುವ ಸದ್ದು. ಟರ್ನ್‌ಟೇಬಲ್ಲಿನ ಭಾರವಾದ ತಟ್ಟೆಯನ್ನು ಕಳಚದೆಯೇ ಕಳುಹಿಸಿದರೆ ದಾರಿಯುದ್ದಕ್ಕೂ ಅದು ತನ್ನ ಬೇರಿಂಗನ್ನೇ ಕುಟ್ಟುತ್ತಾ ಬರುತ್ತದೆ.

ಆದುದರಿಂದ ಪೆಟ್ಟಿಗೆ ಬಂದೊಡನೆ ವಿದ್ಯುತ್ ಕೊಡುವ ಆತುರ ಸಲ್ಲದು. ಆರೂ ಮುಖಗಳ ಛಾಯಾಚಿತ್ರ ತೆಗೆದು, ಒಂದೊಂದೇ ಪದರವನ್ನು ಬಿಚ್ಚುತ್ತಾ ಹೋಗಬೇಕು. ಉಪಕರಣವನ್ನು ಮೆಲ್ಲನೆ ವಾಲಿಸಿದಾಗ ಒಳಗೆ ಏನಾದರೂ ಉರುಳಿದರೆ ಅದನ್ನು ಚಾಲೂ ಮಾಡಲೇಬಾರದು; ಸಡಿಲಗೊಂಡ ಒಂದು ತಿರುಪು ಸಾಕು ಎಲ್ಲವನ್ನೂ ಸುಡಲು. ಸ್ಪೀಕರಿನ ಶಂಕುವನ್ನು ಬೆರಳತುದಿಗಳಿಂದ ಸಮನಾಗಿ ಒತ್ತಿ, ಕರಕರ ಸದ್ದಿದೆಯೇ ಎಂದು ಆಲಿಸಬಹುದು. ಷಿಕಾಗೋ, ಮಿನಿಯಾಪೊಲಿಸ್ ಕಡೆಯ ಚಳಿಗಾಲವಾದರೆ, ಹೆಪ್ಪುಗಟ್ಟಿದ ಲೋಹದ ಮೇಲೆ ಕೋಣೆಯ ತೇವ ಹನಿಗಟ್ಟುವುದರಿಂದ, ಒಂದು ರಾತ್ರಿ ಅದನ್ನು ಹಾಗೆಯೇ ಬಿಡುವುದು ಲೇಸು. ಮುರಿದ ಥರ್ಮೋಕೋಲಿನ ಚೂರನ್ನೂ ಎಸೆಯಬಾರದು. ಪರಿಹಾರ ಕೇಳಿದಾಗ ಬರುವ ಉತ್ತರಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ‘ಕಟ್ಟಿದ ಕ್ರಮ ಸಾಲದು’ ಎಂಬ ಒಂದೇ ಸಾಲನ್ನು. ಅದಕ್ಕೆ ಎದುರು ಸಾಕ್ಷಿ ಹೇಳಬೇಕಾದುದು ಆ ಚೂರುಗಳೇ.

ಭಾರೀ ಸ್ಪೀಕರುಗಳು ಸರಕು ಲಾರಿಯಲ್ಲಿ ಬಂದಾಗ ಚಾಲಕನು ಸಹಿಗಾಗಿ ಕಾಗದವನ್ನು ಚಾಚುತ್ತಾನೆ. ‘ಪರೀಕ್ಷಿಸಿ ತಿಳಿಸಲಾಗುವುದು’ ಎಂದು ಬರೆದರೆ ಅದಕ್ಕೆ ಹೆಚ್ಚಿನ ಬೆಲೆಯಿಲ್ಲ. ‘ಎಡಮೂಲೆ ಎರಡಂಗುಲ ಜಜ್ಜಿದೆ’ ಎಂಬಂತೆ ಕಂಡದ್ದನ್ನೇ ಬರೆಯಬೇಕು. ಸಹಿಯ ಬಳಿಕ ಬಯಲಾಗುವ ಗುಪ್ತಹಾನಿಯನ್ನು ತಿಳಿಸಲು ಮೊದಲು 15 ದಿನಗಳಿದ್ದವು. ಸರಕು ಸಾಗಣೆಯ ರಾಷ್ಟ್ರೀಯ ವರ್ಗೀಕರಣದ ನಿಯಮವು 2015ರಲ್ಲಿ ಅದನ್ನು 5 ದಿನಗಳಿಗೆ ಇಳಿಸಿತು.

ನಷ್ಟ ಯಾರ ತಲೆಗೆ? 1906ರ ಕಾರ್ಮ್ಯಾಕ್ ತಿದ್ದುಪಡಿಯ ಪ್ರಕಾರ, ರಾಜ್ಯದಿಂದ ರಾಜ್ಯಕ್ಕೆ ನೆಲಮಾರ್ಗವಾಗಿ ಸಾಗುವ ಸರಕು ಸುಸ್ಥಿತಿಯಲ್ಲಿ ಹೊರಟಿತು, ಕೆಟ್ಟು ತಲುಪಿತು, ಇಂತಿಷ್ಟು ಹಾನಿಯಾಯಿತು ಎಂಬ ಮೂರನ್ನು ತೋರಿಸಿದರೆ ಸಾಕು. ಸಾಗಣೆದಾರನ ಅಜಾಗರೂಕತೆಯನ್ನು ನಾವು ಸಿದ್ಧಪಡಿಸಬೇಕಾಗಿಲ್ಲ. ಆದರೆ ಹೊಣೆಯ ಮಿತಿಯನ್ನು ಒಪ್ಪಂದದಿಂದ ಇಳಿಸಿಕೊಳ್ಳಲು ಅದೇ ಕಾನೂನು ಎಡೆಮಾಡಿದೆ. ಹೆಚ್ಚಿನ ಮೌಲ್ಯವನ್ನು ಘೋಷಿಸದಿದ್ದರೆ ದೊಡ್ಡ ಪಾರ್ಸೆಲ್ ಸಂಸ್ಥೆಗಳ ಹೊಣೆ 100 ಡಾಲರಿಗೇ ಮುಗಿಯುತ್ತದೆ. ಘೋಷಿತ ಮೌಲ್ಯವೆಂಬುದು ವಿಮೆಯೂ ಅಲ್ಲ. ಹೀಗಾಗಿ ಸಾಗಣೆದಾರನೊಡನೆ ಜಗಳಕ್ಕೆ ನಿಲ್ಲುವ ಮೊದಲು ಮಾರಿದವನಿಗೆ ಬರೆಯುವುದೇ ವಿವೇಕವೆಂದು ನನ್ನ ಅಭಿಪ್ರಾಯ. ಲೂಯಿಸಿಯಾನ ಹೊರತು ಎಲ್ಲ ರಾಜ್ಯಗಳೂ ಅಂಗೀಕರಿಸಿರುವ ಮಾರಾಟ ಸಂಹಿತೆಯಲ್ಲಿ, ಕರಾರಿಗೆ ಹೊಂದದ ಸರಕನ್ನು ಸಕಾಲದಲ್ಲಿ ತಿಳಿಸಿ ನಿರಾಕರಿಸುವ ಹಕ್ಕು ಕೊಳ್ಳುಗನಿಗಿದೆ. ಸರಕನ್ನು ಸಾಗಣೆದಾರನಿಗೆ ಒಪ್ಪಿಸಿದರೆ ಸಾಕೆಂಬ ಕರಾರಾದರೆ ಮಾತ್ರ ದಾರಿಯ ಅಪಾಯ ಕೊಂಡವನದೇ; ಹಣ ಕೊಡುವ ಮೊದಲು ಓದಬೇಕಾದ ಸಾಲು ಅದು. ಕ್ರೆಡಿಟ್ ಕಾರ್ಡಿನಲ್ಲಿ ಪಾವತಿಸಿದ್ದರೆ, 1974ರ ಕಾನೂನಿನಂತೆ, ಬಿಲ್ಲು ಕಳುಹಿಸಿದ 60 ದಿನಗಳೊಳಗೆ ಲಿಖಿತ ತಕರಾರು ಬ್ಯಾಂಕಿಗೆ ಮುಟ್ಟಬೇಕು.

ಬೆಂಗಳೂರಿನಿಂದ ವಿಮಾನದಲ್ಲಿ ಜೊತೆಗೆ ತರುವ ಸಾಮಾನಿಗೆ ಮಾಂಟ್ರಿಯಲ್ ಒಡಂಬಡಿಕೆ ಅನ್ವಯಿಸುತ್ತದೆ. ಅಮೆರಿಕ 2003ರಿಂದ, ಭಾರತ 2009ರಿಂದ ಅದಕ್ಕೆ ಬದ್ಧವಾಗಿವೆ. ಹಾನಿಯನ್ನು 7 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ವಿಶೇಷ ಘೋಷಣೆ ಮಾಡದ ಪ್ರಯಾಣಿಕನಿಗೆ ದೊರೆಯುವ ಗರಿಷ್ಠ ಪರಿಹಾರ, 2024ರ ಡಿಸೆಂಬರ್ 28ರಿಂದ, 1,519 ಎಸ್.ಡಿ.ಆರ್.; ಸ್ಥೂಲವಾಗಿ 2,000 ಡಾಲರು.

ಹಣ ಹಿಂದಿರುಗಬಹುದು. ಹಿಂದಿರುಗದಿರುವುದೂ ಇದೆ. ನಮ್ಮ ಕೂಟದ ಹಿರಿಯ ಸದಸ್ಯೆಯೊಬ್ಬರ ಬಳಿ 1974ರಲ್ಲಿ ಶಿವಮೊಗ್ಗೆಯ ಮನೆಯೊಂದರ ಮದುವೆಯಲ್ಲಿ ಅವರ ಅಜ್ಜಿ ಹಾಡಿದ ಸೋಬಾನೆ ಪದಗಳ ಸ್ಪೂಲ್ ಇತ್ತು. ಬೇರೆ ಪ್ರತಿ ಇರಲಿಲ್ಲ. ಅದನ್ನು ಕೇಳಲೆಂದೇ ದೂರದ ರಾಜ್ಯದ ವ್ಯಾಪಾರಿಯೊಬ್ಬನಿಂದ 1,800 ಡಾಲರಿಗೆ ಹಳೆಯ ಟೇಪ್ ಯಂತ್ರವನ್ನು ತರಿಸಿದರು. ವೃತ್ತಪತ್ರಿಕೆಯಲ್ಲಿ ಸುತ್ತಿ ಒಂದೇ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದ್ದ ಆ ಯಂತ್ರದ ಮೋಟಾರು ತಿರುಗುತ್ತಿತ್ತು, ಆದರೆ ಟೇಪನ್ನು ನಡೆಸುವ ಕಂಬಿ ಬಾಗಿತ್ತು. ‘ತಿರುಗುತ್ತದಲ್ಲ, ಹಾಕಿ ನೋಡಿ’ ಎಂದು ವ್ಯಾಪಾರಿ ಬರೆದ. ಐವತ್ತು ವರ್ಷ ಕಾದವರಿಗೆ ಅದೆಂಥ ಪ್ರಲೋಭನೆ! ಬಾಗಿದ ಕಂಬಿಯ ಮೇಲೆ ಓಡಿದ ಕಾಲಂಗುಲದ ಟೇಪಿನ ಅಂಚು ಮಡಚಿ ನಲುಗುತ್ತದೆ, ನಲುಗಿದ್ದು ಮೊದಲಿನಂತಾಗದು. ಅವರು ಸ್ಪೂಲನ್ನು ಡಬ್ಬಿಯಿಂದ ಹೊರಗೇ ತೆಗೆಯಲಿಲ್ಲ. ಎರಡನೆಯ ದಿನವೇ ನಿರಾಕರಣ ಪತ್ರ ಹೋಯಿತು. ಹನ್ನೊಂದು ವಾರಗಳ ನಂತರ ಬ್ಯಾಂಕಿನ ಮೂಲಕ ಹಣ ಬಂತು. ಟೇಪನ್ನು ಅವರು ಅಂಚೆಗೂ ಹಾಕದೆ, ಮಗನೊಡನೆ ಆರು ಗಂಟೆ ಕಾರಿನಲ್ಲಿ ಪಯಣಿಸಿ, ಧ್ವನಿ ಸಂರಕ್ಷಣೆಯನ್ನೇ ವೃತ್ತಿಯಾಗಿಸಿಕೊಂಡವರ ಕೈಗೆ ಒಪ್ಪಿಸಿದರು. 41 ನಿಮಿಷಗಳ ಹಾಡು ದೊರೆಯಿತು. ಎರಡು ಪದಗಳ ನಡುವೆ ಅಜ್ಜಿ ‘ಅದು ಓಡ್ತಾ ಇದೆಯೇನೋ?’ ಎಂದು ಕೇಳುವುದೂ ಅದರಲ್ಲಿದೆ. ಈಗ ಅದರ ಪ್ರತಿಗಳು ನಾಲ್ಕು ಮನೆಗಳಲ್ಲಿವೆ.