ಕೀಲಿ ಒತ್ತಿದರೆ ಕನ್ನಡ ಕೇಳಬೇಕು: ಮಕ್ಕಳಿಗೊಂದು ಪುಟ್ಟ ಆಟ



ಹೊಸೂರು, ತಾಳವಾಡಿ ಕಡೆ ತಮಿಳು ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಗೆ ‘ದನ’ ಮತ್ತು ‘ಧನ’ ಎರಡನ್ನೂ ಬೇರೆಯಾಗಿ ಗುರುತಿಸುವುದು ಕಷ್ಟ. ತಮಿಳು ಲಿಪಿಯಲ್ಲಿ ತ, ಥ, ದ, ಧ ನಾಲ್ಕಕ್ಕೂ ಒಂದೇ ಅಕ್ಷರ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ತೊಡಕು ಬೇರೆ. ಮರಾಠಿ ಬರವಣಿಗೆಯಲ್ಲಿ ಒ ಮತ್ತು ಓ ಎಂಬ ಭೇದವಿಲ್ಲ. ಹಾಗಾಗಿ ಮಕ್ಕಳು ಬರೆಯುವಾಗ ‘ಕೊಡು’ ಹೋಗಿ ‘ಕೋಡು’ ಆಗುತ್ತದೆ. ಇದನ್ನು ಕೆಂಪು ಶಾಯಿಯಿಂದ ತಿದ್ದುವುದಕ್ಕಿಂತ ಕಿವಿಯಿಂದ ತಿದ್ದುವುದು ಮೇಲು. ಅದಕ್ಕೆ ಬೇಕಾದ ಆಟವೊಂದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಇದಕ್ಕೆ ‘ಸ್ಕ್ರ್ಯಾಚ್’ ಎಂಬ ತಂತ್ರಾಂಶ ಸಾಕು. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಇದನ್ನು ಮಕ್ಕಳಿಗಾಗಿ ಬಿಡುಗಡೆ ಮಾಡಿತು. ಉಚಿತ, ಒಮ್ಮೆ ಕಂಪ್ಯೂಟರಿಗೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಸಂಕೇತ ಬರೆಯಬೇಕಿಲ್ಲ, ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿದರಾಯಿತು.

ಆಟ ಇಷ್ಟೇ: ಸ್ಪೇಸ್ ಕೀಲಿ ಒತ್ತಿದರೆ ‘ದನ’ ಅಥವಾ ‘ಧನ’ ಕೇಳಿಸುತ್ತದೆ. ಪರದೆಯ ಎಡಕ್ಕೆ ಹಸುವಿನ ಚಿತ್ರ, ಬಲಕ್ಕೆ ಹಣದ ಚಿತ್ರ. ಮಗು ಎಡ ಅಥವಾ ಬಲ ಬಾಣದ ಕೀಲಿ ಒತ್ತಿ ಉತ್ತರ ಹೇಳಬೇಕು.

1. ಮೊದಲು ಧ್ವನಿ. ‘ಸೌಂಡ್ಸ್’ ವಿಭಾಗದಲ್ಲಿ ಮೈಕಿನಿಂದ ಎರಡು ಪದಗಳನ್ನೂ, ‘ಭೇಷ್’, ‘ಇನ್ನೊಮ್ಮೆ ಕೇಳು’ ಎಂಬ ಮಾತುಗಳನ್ನೂ ಮುದ್ರಿಸಿ. ಆರಂಭದ ಮೌನವನ್ನು ಕತ್ತರಿಸಿ, ಇಲ್ಲದಿದ್ದರೆ ಕೀಲಿ ಒತ್ತಿದ ಮೇಲೆ ತಡವಾಗಿ ಕೇಳುತ್ತದೆ. ಒಂದು ಪಾತ್ರಕ್ಕೆ ಸೇರಿಸಿದ ಧ್ವನಿ ಇನ್ನೊಂದಕ್ಕೆ ಸಿಗುವುದಿಲ್ಲ. ಎಲ್ಲವನ್ನೂ ಒಂದೇ ಕಡೆ ಇಡಿ.

2. ‘ವೆನ್ ಸ್ಪೇಸ್ ಕೀ ಪ್ರೆಸ್ಡ್’ ಎಂಬ ತುಂಡು ಕಚೇರಿಯ ಕರೆಗಂಟೆ ಇದ್ದಂತೆ. ಗಂಟೆ ಬಾರಿಸಿದಾಗ ಮಾತ್ರ ಅದರ ಕೆಳಗಿನ ಕೆಲಸ ಶುರು. ಅದರ ಕೆಳಗೆ, 1 ಅಥವಾ 2 ಎಂಬ ಅಂಕಿಯನ್ನು ಕಂಪ್ಯೂಟರೇ ಆರಿಸಿ ‘ಉತ್ತರ’ ಎಂಬ ಹೆಸರಿನಲ್ಲಿ ನೆನಪಿಡುವಂತೆ ಮಾಡಿ. 1 ಬಂದರೆ ‘ದನ’, 2 ಬಂದರೆ ‘ಧನ’ ನುಡಿಯಲಿ.

3. ಎಡ ಬಾಣಕ್ಕೆ: ‘ಉತ್ತರ’ 1 ಆಗಿದ್ದರೆ ‘ಭೇಷ್’, ಇಲ್ಲದಿದ್ದರೆ ‘ಇನ್ನೊಮ್ಮೆ ಕೇಳು’. ಬಲ ಬಾಣಕ್ಕೆ 2. ಮೇಲಿನ ಬಾಣಕ್ಕೆ ಹೊಸ ಅಂಕಿ ಆರಿಸದೆ ಅದೇ ಪದವನ್ನು ಮತ್ತೆ ನುಡಿಸುವಂತೆ ಮಾಡಿ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಧ್ವನಿ ನುಡಿಸಲು ಎರಡು ತುಂಡುಗಳಿವೆ. ‘ಸ್ಟಾರ್ಟ್ ಸೌಂಡ್’ ಧ್ವನಿಯನ್ನು ಶುರುಮಾಡಿ ಕಾಯದೆ ಮುಂದೆ ಹೋಗುತ್ತದೆ. ‘ಪ್ಲೇ ಸೌಂಡ್ ಅಂಟಿಲ್ ಡನ್’ ಪದ ಮುಗಿಯುವ ತನಕ ಕಾಯುತ್ತದೆ. ಮಕ್ಕಳು ಕೀಲಿಯನ್ನು ಒತ್ತಿಯೇ ಹಿಡಿಯುತ್ತಾರೆ. ಆಗ ಕಂಪ್ಯೂಟರಿಗೆ ಅದು ಮತ್ತೆ ಮತ್ತೆ ಒತ್ತಿದಂತೆ. ಮೊದಲನೆಯ ತುಂಡು ಹಾಕಿದ್ದರೆ ‘ದ-ದ-ದ’ ಎಂಬ ತೊದಲು ಮಾತ್ರ ಕೇಳುತ್ತದೆ. ಎರಡನೆಯದನ್ನು ಹಾಕಿದರೆ ಪದ ಪೂರ್ತಿ ಕೇಳುತ್ತದೆ. ಕೊನೆಯಲ್ಲಿ, ಕೀಲಿಯಿಂದ ಬೆರಳು ತೆಗೆಯುವವರೆಗೆ ಕಾಯುವಂತೆ ‘ವೇಟ್ ಅಂಟಿಲ್’ ತುಂಡನ್ನೂ ಸೇರಿಸಿದರೆ ಒಂದು ಒತ್ತಿಗೆ ಒಂದೇ ಪದ.

ಬಾಣದ ಬದಲು ಅಕ್ಷರದ ಕೀಲಿ ಬಳಸುವವರು ಕೀಲಿಮಣೆಯನ್ನು ಇಂಗ್ಲಿಷಿನಲ್ಲೇ ಇಡಬೇಕು. ಈ ತುಂಡಿನ ಪಟ್ಟಿಯಲ್ಲಿ ಕನ್ನಡ ಅಕ್ಷರಗಳಿಲ್ಲ. ಶಿಫ್ಟ್ ಒತ್ತಿದರೂ ಬಿಟ್ಟರೂ ಅದಕ್ಕೆ ಒಂದೇ. ಮೊಬೈಲಿನಲ್ಲಿ ಕೀಲಿಗಳಿಲ್ಲವಾದ್ದರಿಂದ ಚಿತ್ರವನ್ನೇ ಮುಟ್ಟುವಂತೆ ‘ವೆನ್ ದಿಸ್ ಸ್ಪ್ರೈಟ್ ಕ್ಲಿಕ್ಡ್’ ಬಳಸಿ.

ಕೊನೆಯ ಮಾತು ಧ್ವನಿಯ ಬಗ್ಗೆ. ದಯವಿಟ್ಟು ಎಲ್ಲಿಂದಲೋ ಇಳಿಸಿಕೊಂಡ ಧ್ವನಿ ಬೇಡ. ಮನೆಯ ಅಜ್ಜಿ, ತಾತ, ಸೋದರತ್ತೆ ಯಾರಾದರೂ ಹೇಳಲಿ. ನಮ್ಮಲ್ಲೂ ಎಷ್ಟೋ ಜನ ಮಾತಿನ ಭರದಲ್ಲಿ ಮಹಾಪ್ರಾಣ ನುಂಗುತ್ತೇವೆ. ಮೈಕಿನ ಮುಂದೆ ನಿಂತಾಗ ದೊಡ್ಡವರ ನಾಲಿಗೆಯೂ ತಿದ್ದಿಕೊಳ್ಳುತ್ತದೆ. ಗಡಿಯಾಚೆಯ ಮಗುವಿಗೆ ಶಾಲೆಯಲ್ಲಿ ಸಿಗದ ಕನ್ನಡ, ಮನೆಯವರ ಧ್ವನಿಯಲ್ಲಿ, ಬೇಕೆಂದಾಗ ನೂರು ಸಲ ಬೇಸರವಿಲ್ಲದೆ ಸಿಕ್ಕರೆ ಅದಕ್ಕಿಂತ ಇನ್ನೇನು ಬೇಕು?

ನಿಮ್ಮ ಊರಿನ ಮಕ್ಕಳಿಗೆ ಗೊಂದಲವಾಗುವ ಪದಜೋಡಿಗಳನ್ನು ಬರೆದು ಸಂಘಕ್ಕೆ ಕಳಿಸಿ. ಎಲ್ಲವನ್ನೂ ಸೇರಿಸಿ ಒಂದು ಪಟ್ಟಿ ಮಾಡೋಣ.

ಇಂತಿ ನಿಮ್ಮವ,
ಕಾರ್ಯದರ್ಶಿ